ಮೂರು ಪಾಲಿನ ಟೋಪಿ

ನನ್ನ ಸವತಿಗೆ ನೂರು ವರ್ಷ ದಾಟಿತ್ತು. ಭಾನುವಾರ ಬಂದರೆ ನನ್ನ ಗಂಡ ಬುತ್ತಿ ಕಟ್ಟಿಸಿಕೊಂಡು ಅವಳ ಹತ್ತಿರ ಹೋಗುತ್ತಿದ್ದರು. ಬುತ್ತಿ ಕಟ್ಟಿಕೊಡುತ್ತಿದ್ದವಳು ನಾನೇ. ಅವಳು ಹೆಣ್ಣಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಅವಳು ಬೋಶಿನ್ ಯುದ್ಧ. ಈ ಜಪಾನಿನವರೇ ಎರಡು ಪಾಳೆಯವಾಗಿ ಒಬ್ಬರನ್ನೊಬ್ಬರು ಕಡಿದುಕೊಂಡ ವರ್ಷದಲ್ಲಿ ನಮ್ಮ ಕಯಾನುಮಾ ಘಟ್ಟದಲ್ಲಿ ಒಂದು ಹಗಲು ಕಾದಾಟ ನಡೆಯಿತು. ಆ ಒಂದು ಹಗಲನ್ನು ತಿಳಿದುಕೊಳ್ಳಲು ನನ್ನ ಗಂಡನಿಗೆ ಒಂದು ಆಯುಷ್ಯ ಸಾಲಲಿಲ್ಲ.

ಅವರೇನೂ ಪಂಡಿತರಲ್ಲ. ಮುರೋಯಿ ಸೇಜಿ ಎಂದರೆ ಊರಿನ ಹಲ್ಲಿನ ಡಾಕ್ಟರು, ಅಷ್ಟೇ. ಪ್ರಾಯದಲ್ಲಿ ಅವರೂ ಸೈನ್ಯದ ಜೊತೆ ಬರ್ಮಾಕ್ಕೆ ಹೋಗಿ ಬಂದವರು. ಆ ಯುದ್ಧದ ಬಗ್ಗೆ ಒಂದು ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಹುಟ್ಟುವುದಕ್ಕೆ ಐವತ್ತು ವರ್ಷ ಮುಂಚೆ ನಡೆದದ್ದರ ಬಗ್ಗೆ ಮಾತ್ರ, ರೋಗಿ ಬಾಯಿ ತೆರೆದುಕೊಂಡು ಉತ್ತರ ಕೊಡಲಾಗದೆ ಕೂತಿರುವಾಗ, ಗಂಟೆಗಟ್ಟಲೆ ಹೇಳುತ್ತಿದ್ದರು. ಬಂದೂಕಿನ ಗುಂಡು ಯಾವ ಬಂಡೆಗೆ ಬಡಿಯಿತು, ಮಂಜು ಯಾವ ಹೊತ್ತಿಗೆ ಕರಗಿತು, ಎಲ್ಲ ಬೇಕಿತ್ತು ಅವರಿಗೆ. ನಮ್ಮೂರಿನವರು ಇದನ್ನು ಹುಚ್ಚು ಎನ್ನುವುದಿಲ್ಲ. ಐಜು ಸೀಮೆಯಲ್ಲಿ 'ಹೋದ ಯುದ್ಧ' ಎಂದರೆ ಅಮೆರಿಕದವರ ಜೊತೆಗಿನದಲ್ಲ, ಬೋಶಿನ್ ಯುದ್ಧವೇ. ಅದರಲ್ಲಿ ನಾವು ಸೋತವರು. ಗೆದ್ದವರು ಮರೆಯುತ್ತಾರೆ, ಸೋತವರು ಲೆಕ್ಕ ಇಡುತ್ತಾರೆ.

ನನ್ನ ಅಪ್ಪ ಯುದಾ ಯಸಾಬುರೊ ಮರದ ಪಾದುಕೆ ಮಾಡುವವರು. ದವಡೆ ಹಲ್ಲು ಕೀಳಿಸಲು ಹೋಗಿ ಅಳಿಯನನ್ನು ಕಂಡುಕೊಂಡು ಬಂದರು. "ಹಲ್ಲು ಕಿತ್ತವನು ಮಗಳನ್ನೂ ಕಿತ್ಕೊಂಡು ಹೋದ" ಎಂದು ಮದುವೆಯ ದಿನ ಎಲ್ಲರ ಮುಂದೆ ಹೇಳಿದ್ದರು. ಸಂಬಂಧಕ್ಕೆ ಒಪ್ಪಿದ್ದಕ್ಕೆ ಒಂದು ಕಾರಣವಿತ್ತು. ಹೊಸ ಡಾಕ್ಟರಿಗೆ ಘಟ್ಟದ ಕಾದಾಟದ ಹುಚ್ಚಿದೆ ಎಂದು ಅವರ ಕಿವಿಗೆ ಬಿದ್ದಿತ್ತು. ನಮ್ಮ ಮನೆಗೆ ಅಂಥ ಒಬ್ಬರು ಬೇಕಾಗಿತ್ತು.

ಏಕೆಂದರೆ ನಾವು ಓಡಿಹೋದವನ ಮನೆಯವರು.

ಅಪ್ಪನ ಅಜ್ಜ ಗೆಂಜೊ ಬೇಟೆಗಾರ. ಪಡುವಣದ ಸೈನ್ಯ, ಎಂದರೆ ಆ ಯುದ್ಧದಲ್ಲಿ ನಮ್ಮ ಎದುರಾಳಿಗಳು, ಘಟ್ಟದ ಬುಡಕ್ಕೆ ಬಂದಾಗ, ಅವರ ಬಲವೆಷ್ಟು ಎಂದು ನೋಡಿಬರಲು ನಮ್ಮವರು ಮೂವರು ಬೇಟೆಗಾರರನ್ನು ಕಳಿಸಿದರು. ಪಡುವಣದವರು ಗುರುತಿಗೆ ಹೆಗಲ ಮೇಲೆ ಜರಿಬಟ್ಟೆಯ ತುಂಡು ಕಟ್ಟಿಕೊಳ್ಳುತ್ತಿದ್ದರು. ಬೇರೆಡೆಯ ಕಾಳಗದಲ್ಲಿ ಸತ್ತವರ ಹೆಗಲಿನಿಂದ ಕಿತ್ತ ಅಂಥ ತುಂಡುಗಳನ್ನೇ ಈ ಮೂವರೂ ಕಟ್ಟಿಕೊಂಡು ಹೋದರು. ಇಬ್ಬರು ಮರಳಿದರು. ಗೆಂಜೊ ಮರಳಲಿಲ್ಲ. 'ಜರಿ ಕಟ್ಟಿಕೊಂಡವನು ಜರಿಯ ಕಡೆಗೇ ಹೋದ' ಎಂದು ಆ ಇಬ್ಬರಲ್ಲಿ ಒಬ್ಬ ಅಂದ. ಅಂದವನು, ಈಗ ಅಕ್ಕಿಯ ಮದ್ಯ ಸಾಕೆಯ ಅಂಗಡಿ ಇಟ್ಟಿರುವ ಹೋಶಿಯ ಮುತ್ತಜ್ಜ. ಆಡಿದ ಮಾತು ಅಲ್ಲಿಗೇ ಬೀಳಲಿಲ್ಲ. ನಾನು ಸ್ಕೂಲಿಗೆ ಹೋಗುವಾಗಲೂ ಹುಡುಗರು ನನ್ನ ಹೆಗಲು ಮುಟ್ಟಿ ನೋಡಿ 'ಜರಿ ಇದೆಯಾ' ಎಂದು ಕೇಳುತ್ತಿದ್ದರು.

ಕಾದಾಟ ಮುಗಿದ ಮೇಲೆ ಹೆಣಗಳನ್ನು ಹೂಳಿದವರು ನಮ್ಮೂರಿನವರೇ. ದೇಗುಲದ ಮೆಟ್ಟಿಲಿನ ಎಡಕ್ಕೆ ನಮ್ಮವರು, ಬಲಕ್ಕೆ ಪಡುವಣದವರು. ಮುಖ ನೋಡಿ ಗುರುತಿಸುವ ಸ್ಥಿತಿ ಇರಲಿಲ್ಲ. ಹೆಗಲು ನೋಡಿ ವಿಂಗಡಿಸಿದರು. ಹೆಸರು ಗೊತ್ತಿದ್ದವರಿಗೆ ಹೆಸರು ಕೆತ್ತಿಸಿದರು. ಬಲಗಡೆಯ ಕೊನೆಯ ಕಲ್ಲಿನ ಮೇಲೆ ಮಾತ್ರ 'ಪಡುವಣದ ಸೈನಿಕ, ಹೆಸರು ತಿಳಿಯದು' ಎಂದಿದೆ.

ಮೆಟ್ಟಿಲು ಹತ್ತುವಾಗ ಬಲಕ್ಕೆ ಉಗಿಯುವುದು ನಮ್ಮೂರ ಮಕ್ಕಳ ರೂಢಿ. ದೇಗುಲದ ಗುರುಗಳು ಕಂಡರೂ ಕಾಣದ ಹಾಗೆ ಇರುತ್ತಿದ್ದರು. ಬೇರೆ ಮನೆಯ ಮಕ್ಕಳು ಆಟಕ್ಕೆ ಉಗಿದರೆ ನಮ್ಮ ಮನೆಯವರು ನಿಷ್ಠೆಯಿಂದ ಉಗಿಯಬೇಕಿತ್ತು. ಓಡಿಹೋದವನ ಮನೆಯವರು ಎಲ್ಲರಿಗಿಂತ ಜೋರಾಗಿ ಉಗಿಯದಿದ್ದರೆ ಜನ ಏನೆಂದಾರು. ಅಪ್ಪ ಎಂಬತ್ತು ದಾಟಿದ ಮೇಲೂ ಬಿಟ್ಟಿರಲಿಲ್ಲ. ಅದರಲ್ಲೂ ಆ ಕೊನೆಯ ಕಲ್ಲು. ಅದು ದಾರಿಗೆ ಹತ್ತಿರ, ಗುರಿಗೆ ಅನುಕೂಲ.

ಪ್ರತಿ ವರ್ಷ ಶರತ್ಕಾಲದಲ್ಲಿ ಎಡಗಡೆಯ ಕಲ್ಲುಗಳ ಮುಂದೆ ಸ್ಮರಣೆ ನಡೆಯುತ್ತದೆ. ಸತ್ತ ನಮ್ಮವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಓದುವ ಕೆಲಸ ಬಹಳ ವರ್ಷಗಳಿಂದ ನನ್ನ ಗಂಡನದು. ಯಾವ ಹೆಸರು ಸೇರಬೇಕು, ಯಾವುದು ಸೇರಬಾರದು ಎನ್ನುವುದೂ ಅವರ ಮಾತೇ. ಅಪ್ಪ ಕೊನೆಯ ಸಾಲಿನಲ್ಲಿ, ಅಂಚಿರುವ ತಮ್ಮ ಬೂದು ಟೋಪಿಯನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತು ಕೇಳುತ್ತಿದ್ದರು. ಗೆಂಜೊನ ಹೆಸರು ಬರುತ್ತಿರಲಿಲ್ಲ. ಟೋಪಿ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು.

ಹೊಸ ವರ್ಷದ ದಿನ ಊಟಕ್ಕೆ ಕೂತಾಗ ಅಪ್ಪ ತಪ್ಪದೆ ಕೇಳುತ್ತಿದ್ದರು.

"ಡಾಕ್ಟರೇ, ನಮ್ಮಜ್ಜಂದು ಏನಾಯ್ತು?"

"ಇನ್ನೂ ಏನೂ ಸಿಕ್ಕಿಲ್ಲ ಮಾವ."

"ನನ್ನ ಹಲ್ಲೆಲ್ಲ ಉದುರೋ ಹೊತ್ತಿಗಾದ್ರೂ ಸಿಗತ್ತಾ?"

"ನಿಮ್ಮ ಹಲ್ಲು ಗಟ್ಟಿ ಇವೆ. ಇನ್ನೂ ಟೈಮಿದೆ."

ನನ್ನ ಗಂಡನದು ಒಂದೇ ಹಟ. ಎರಡು ಕಡೆಯಿಂದ ಸಾಕ್ಷಿ ಬರದೆ ಯಾವ ಹೆಸರನ್ನೂ ಓದುವುದಿಲ್ಲ. ಊರಿನ ದೊಡ್ಡ ಮನೆಗಳವರು ತಮ್ಮ ಮುತ್ತಜ್ಜಂದಿರನ್ನು ಸೇರಿಸಿಕೊಳ್ಳಿ ಎಂದು ಸಾಕೆ ಬಾಟಲಿ ಹಿಡಿದು ಬಂದದ್ದುಂಟು. ಬಾಟಲಿಯ ಸಮೇತ ವಾಪಸು ಕಳಿಸಿದ್ದರು. ನಾನೂ ಒಂದು ಸಲ ತಡೆಯಲಾರದೆ ಕೇಳಿದೆ. "ಅಪ್ಪನಿಗೋಸ್ಕರ ಒಂದು ಹೆಸರು ಓದಿದ್ರೆ ಆಕಾಶ ಕಳಚಿ ಬೀಳತ್ತೇನ್ರೀ?"

"ಆಕಾಶ ಬೀಳಲ್ಲ. ಇಷ್ಟು ವರ್ಷ ಓದಿದ ಮಿಕ್ಕ ಹೆಸರುಗಳು ಬೀಳ್ತವೆ."

"ನಿಮ್ಮ ಹೆಸರುಗಳನ್ನ ನೀವೇ ತಿಂದ್ಕೊಂಡಿರಿ" ಎಂದು ಆ ಸಂಜೆ ಸಾರು ಬಿಸಿ ಮಾಡದೆ ಬಡಿಸಿದೆ. ಅವರು ಗಮನಿಸಲೂ ಇಲ್ಲ.

ಅಪ್ಪನಿಗೆ ಎಂಬತ್ತೈದಾದ ವರ್ಷ ಹಿಮ ಜಾಸ್ತಿ ಬಿದ್ದಿತ್ತು. ಕರಗುವಾಗ ದೇಗುಲದ ಬಲಗಡೆಯ ಇಳಿಜಾರು ಕುಸಿದು ಕೊನೆಯ ಕಲ್ಲು ವಾಲಿತು. ಅಡಿಯಲ್ಲಿ ಮೂಳೆ ಕಂಡವು. ಗುರುಗಳು ಪೊಲೀಸಿನವನನ್ನು ಕರೆಸಿದರು. ಅವನು ನೋಡಿ, ಇದು ನನ್ನ ಕಾಲದ್ದಲ್ಲ ಎಂದು ಕೈಮುಗಿದು ಹೋದ. ಆಮೇಲೆ ಗುರುಗಳು ನನ್ನ ಗಂಡನಿಗೆ ಹೇಳಿಕಳಿಸಿದರು. ಮೂಳೆಗಳನ್ನು ಗೌರವದಿಂದ ಮತ್ತೆ ಹೂಳುವ ಮುಂಚೆ ಬಲ್ಲವರೊಬ್ಬರು ನೋಡಲಿ ಎಂದು.

ಆ ದಿನ ಮಧ್ಯಾಹ್ನ ಇವರು ಮನೆಗೆ ಬಂದವರು ಕೈಕಾಲು ತೊಳೆಯಲಿಲ್ಲ. ನಾನು ಮೂಲಂಗಿ ಹೆಚ್ಚುತ್ತಿದ್ದೆ.

"ತೋಮಿ, ಬಾಯಿ ತೆಗಿ."

"ಯಾಕೆ, ಏನಾಗಿದೆ ನಿಮಗೆ?"

"ತೆಗಿ ಅಂದ್ನಲ್ಲ."

ದೀಪ ಹಿಡಿದು, ನನ್ನ ಮೇಲಿನ ಮುಂಬಲ್ಲುಗಳ ಹಿಂದೆ ಕನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ಅಲ್ಲಿ ಅಕ್ಕಿಕಾಳಿನಷ್ಟು ಒಂದು ಹೆಚ್ಚಿನ ಹಲ್ಲಿದೆ. ಅಪ್ಪನಿಗೂ ಇದೆ, ಸತ್ತುಹೋದ ನನ್ನ ಅಣ್ಣನಿಗೂ ಇತ್ತು. ಸಿಟ್ಟು ಬಂದಾಗ ನಾಲಗೆ ತಾನಾಗಿ ಅಲ್ಲಿಗೆ ಹೋಗುತ್ತದೆ. ಮೂವತ್ತು ವರ್ಷದಿಂದ ನೋಡಿದ ಹಲ್ಲನ್ನು ಇವತ್ತು ಹೊಸದಾಗಿ ನೋಡುವುದೇನಿದೆ ಎಂದುಕೊಂಡೆ. ಆಮೇಲೆ ಅವರ ಮಂಡಿಗೆ ಅಂಟಿದ್ದ ದೇಗುಲದ ಇಳಿಜಾರಿನ ಮಣ್ಣು ಕಂಡಿತು. ಹೇಳದೆಯೇ ತಿಳಿಯಿತು.

"ಆ ಕಲ್ಲಿನ ಕೆಳಗಿರೋನಿಗೂ ಇದೆ" ಎಂದರು.

ಗೆಂಜೊ ಓಡಿಹೋಗಿರಲಿಲ್ಲ. ಹೆಗಲ ಮೇಲಿನ ಜರಿ ತುಂಡು ಬಿಚ್ಚುವ ಮೊದಲೇ ಸತ್ತಿದ್ದ. ಅವನ ಊರಿನವರೇ ಹೆಗಲು ನೋಡಿ ಅವನನ್ನು ಬಲಕ್ಕೆ ಹೊತ್ತು ಹಾಕಿದ್ದರು. ಮೂಲಂಗಿ ಕೈಯಲ್ಲೇ ಇತ್ತು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಮರುಕ್ಷಣವೇ ಉಗುಳಿನ ನೆನಪಾಯಿತು. ಅಪ್ಪನಿಗೆ ಈ ಸುದ್ದಿಯನ್ನು ಅರ್ಧ ಕೊಡಲು ಬರುವುದಿಲ್ಲ. ಅಜ್ಜ ಓಡಿಹೋಗಲಿಲ್ಲ ಎಂದರೆ, ಅಜ್ಜನ ಮೇಲೆ ಎಂಬತ್ತು ವರ್ಷ ಉಗಿದೆ ಎಂದೂ ಹೇಳಿದ ಹಾಗೆಯೇ.

"ಹೇಳ್ಲೇಬೇಕಾ?" ಎಂದೆ.

"ನೀವೇ ಅಲ್ವಾ, ಅಪ್ಪ ಮಗಳು, ಮೂವತ್ತು ವರ್ಷದಿಂದ ಕೇಳ್ತಿದ್ದೋರು?"

"ಕೇಳಿದ್ದು ಹೆಸರು. ಇದನ್ನಲ್ಲ."

"ಎರಡೂ ಒಂದೇ ಗುಂಡೀಲಿ ಇದ್ವು, ನಾನೇನು ಮಾಡ್ಲಿ?"

ಅಪ್ಪ ಅಂಗಳದಲ್ಲಿ, ಪಾದುಕೆಗೆ ಬಳಸುವ 'ಕಿರಿ' ಎಂಬ ಹಗುರ ಮರದ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದರು. ಇವರು ಎದುರಿಗೆ ಮಂಡಿಯೂರಿ ಕೂತು, ಸುತ್ತಿ ಬಳಸದೆ, ರೋಗಿಗೆ ಹೇಳುವ ಹಾಗೆ ಎಲ್ಲವನ್ನೂ ಹೇಳಿದರು. ಅಪ್ಪ ಹೊಟ್ಟನ್ನು ಊದಿ ಹಲಗೆಯ ಅಂಚನ್ನು ಕಣ್ಣಳತೆಯಲ್ಲಿ ನೋಡಿದರು. ಕೆಲಸ ಮುಂದುವರಿಸುತ್ತಾರೇನೋ ಎಂದುಕೊಂಡೆ.

"ಎಷ್ಟು ಖಾತ್ರಿ?"

"ಹತ್ತರಲ್ಲಿ ಏಳು ಪಾಲು."

"ಮಿಕ್ಕ ಮೂರು?"

"ಅಂಥ ಹಲ್ಲು ನಿಮ್ಮ ಮನೇಲಿ ಮಾತ್ರ ಇರೋದಲ್ಲ ಮಾವ. ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಇರತ್ತೆ. ಅವನು ನಿಜವಾಗ್ಲೂ ಪಡುವಣದವನೇ ಆಗಿರಬಹುದು."

"ಹೆಸರು ಓದ್ತೀರಾ?"

ಇವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಜರಿ ಕಟ್ಟಿಕೊಂಡು ಹೋದ ಎನ್ನುವುದು ಊರ ಮಾತು, ಒಂದು ಸಾಕ್ಷಿ. ಹಲ್ಲು ಇನ್ನೊಂದು. ಅವರ ಲೆಕ್ಕಕ್ಕೆ ಎರಡಾಯಿತು, ಆದರೂ ಎಳೆದಾಡಿದರು. ನಾನು ಹಿಂದಿನಿಂದ ಅವರ ಬೆನ್ನನ್ನೇ ನೋಡುತ್ತಿದ್ದೆ.

"ಸ್ಮರಣೆಯ ದಿನದ ತನಕ ಎದುರು ಸಾಕ್ಷಿ ಬರದಿದ್ರೆ ಓದ್ತೀನಿ" ಎಂದರು.

ಅಪ್ಪ ತಲೆಯಾಡಿಸಿದರು. "ಅಂತೂ ಅಜ್ಜ ಓಡಿಹೋಗ್ಲಿಲ್ಲ" ಎಂದು ಹಲಗೆಗೆ ಹೇಳಿದರು. ಉಗುಳಿನ ಮಾತನ್ನು ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಬಕೆಟ್ಟು, ತೆಂಗಿನ ನಾರಿನ ಬ್ರಷ್ಷು ಹಿಡಿದು ಅಪ್ಪ ದೇಗುಲಕ್ಕೆ ಹೊರಟರು. ಕಾಲು ಜಾರೀತು ಎಂದು ನಾನೂ ಹಿಂದೆ ಹೋದೆ. ಗುರುಗಳು ಕಲ್ಲನ್ನು ನೆಟ್ಟಗೆ ನಿಲ್ಲಿಸಿದ್ದರು. ಅಪ್ಪ ಅದರ ಮುಂದೆ ಕೂತು ತೊಳೆದರು, ಉಜ್ಜಿದರು, ಸಂದಿಯಲ್ಲಿನ ಪಾಚಿಯನ್ನು ಉಗುರಿನಿಂದ ತೆಗೆದರು. ಊದುಬತ್ತಿ ಹಚ್ಚಿ ಕೈಮುಗಿದು ತಲೆ ಬಾಗಿಸಿದರು. ಟೋಪಿ ಮಾತ್ರ ತಲೆಯ ಮೇಲೇ ಇತ್ತು.

"ಅಪ್ಪಾ, ಟೋಪಿ" ಎಂದೆ.

"ಗೊತ್ತು ಕಣೆ."

"ತೆಗೀರಿ ಮತ್ತೆ."

"ಏಳು ಪಾಲಿಗೆ ನೀರು ಹಾಕಿದೆ, ಊದುಬತ್ತಿ ಹಚ್ಚಿದೆ. ಮೂರು ಪಾಲು ಚೋಶೂನವನು ಮಲಗಿದಾನೆ. ಅವನಿಗ್ಯಾಕೆ ಟೋಪಿ ತೆಗೀಲಿ?"

ಚೋಶೂ ಎಂದರೆ ಪಡುವಣದವರಲ್ಲೂ ನಮ್ಮೂರಿನವರು ಹೆಸರು ಹಿಡಿದು ಬೈಯುವ ಸೀಮೆ. ನನಗೆ ನಗು ಬಂತು. ಅಪ್ಪ ನಗಲಿಲ್ಲ. ಅಂದಿನಿಂದ ಇದು ದಿನದ ಕೆಲಸವಾಯಿತು. ಬೇಸಿಗೆಯಲ್ಲಿ ಹಿರಿಯರು ಮನೆಗೆ ಬಂದುಹೋಗುವ ಬೋನ್ ಹಬ್ಬದ ದಿನ ಆ ಕಲ್ಲಿನ ಮುಂದೆ ಎಡೆಯನ್ನೂ ಇಟ್ಟರು. ಸೋಬಾ ಶಾವಿಗೆ, ಮೆಣಸಿನೆಲೆಯಲ್ಲಿ ಹಾಕಿದ ಮೀನಿನ ಉಪ್ಪಿನಕಾಯಿ, ಒಂದು ಲೋಟ ಸಾಕೆ. ಟೋಪಿ ತಲೆಯ ಮೇಲೇ. ಎಡೆ ಎತ್ತುವಾಗ ಸಾಕೆಯಲ್ಲಿ ಒಂದು ಗುಟುಕು ತಾವೇ ಕುಡಿದರು. "ಇದು ಚೋಶೂನವನ ಪಾಲು, ಅವನಿಗೆ ಕೊಡಲ್ಲ" ಎಂದರು.

ಊರು ಮಾತಾಡದೆ ಇರುತ್ತದೆಯೇ. ಸಾಕೆ ಅಂಗಡಿಯ ಹೋಶಿ ಮೆಟ್ಟಿಲಲ್ಲಿ ಎದುರಾದವನು ನಿಂತು ನೋಡಿದ.

"ಏನ್ ಯಸಾಬುರೊ, ದಾರಿ ತಪ್ಪಿತಾ? ನಮ್ಮವರು ಆ ಕಡೆ."

"ನಮ್ಮವನು ಈ ಕಡೆ. ನಿಮ್ಮ ಮುತ್ತಜ್ಜ ಬಿಟ್ಟು ಬಂದ ಜಾಗದಲ್ಲೇ ಇದ್ದಾನೆ."

ಹೋಶಿ ಮೆಟ್ಟಿಲು ಇಳಿದು ಹೋದ. ಅಪ್ಪನ ಬಾಯಿಂದ ಇಂಥ ಮಾತು ಬಂದದ್ದನ್ನು ನಾನು ಆ ತನಕ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ತಲೆ ತಗ್ಗಿಸಿಕೊಂಡು ಹೋದ ಮನುಷ್ಯ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಶರತ್ಕಾಲ ಬಂತು. ಸ್ಮರಣೆಗೆ ಎರಡು ದಿನ ಉಳಿದಿತ್ತು. ಅಪ್ಪ ಕಪ್ಪು ಕಿಮೋನೊ ಬಿಸಿಲಿಗೆ ಹಾಕಿಸಿದ್ದರು. ಪಕ್ಕದೂರಿನ ಹಳೆಯ ನೆಂಟರಿಗೂ, ನಮ್ಮಜ್ಜನ ಹೆಸರು ಓದುತ್ತಾರೆ ಬನ್ನಿ ಎಂದು ಹೇಳಿಕಳಿಸಿದ್ದರು. ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ್ದ ನೆಂಟರು ಅವರು. ಬರುತ್ತೇವೆ ಎಂದಿದ್ದರು.

ಆ ಮಧ್ಯಾಹ್ನ ದವಾಖಾನೆಗೆ ಒಬ್ಬ ಹಿರಿಯರು ಬಂದರು. ಕೈಯಲ್ಲಿ ಸಕ್ಕರೆಯಲ್ಲಿ ಅದ್ದಿದ ಕಿತ್ತಳೆ ಸಿಪ್ಪೆಯ ಪೊಟ್ಟಣ, ಕೆನ್ನೆ ಊದಿಕೊಂಡಿತ್ತು. ಕುನಿಶಿಗೆ ಎಂದು ಹೆಸರು ಹೇಳಿದರು. ಊರು ಯಾವುದು ಎಂದೆ. ದನಿ ತಗ್ಗಿಸಿ "ಹಗಿ" ಎಂದರು. ಹಗಿ ಎಂದರೆ ಚೋಶೂನ ಹಳೆಯ ರಾಜಧಾನಿ. ಅಲ್ಲಿಯವರು ನಮ್ಮ ಕಡೆ ಬಂದರೆ ಊರಿನ ಹೆಸರನ್ನು ಮೆಲ್ಲಗೆ ಹೇಳುವುದು ವಾಡಿಕೆ. ಮೊದಲು ಹೋದ ವಸತಿಗೃಹದಲ್ಲಿ ಕೋಣೆ ಖಾಲಿಯಿಲ್ಲ ಎಂದರಂತೆ. ಅಲ್ಲಿ ಖಾಲಿ ಇಲ್ಲದ ಕೋಣೆಯನ್ನು ನಾನಂತೂ ಕಂಡಿಲ್ಲ.

ಅವರೂ ನನ್ನ ಗಂಡನ ಜಾತಿಯವರೇ. ಸ್ಕೂಲು ಮೇಷ್ಟ್ರಾಗಿದ್ದವರು, ಹುಡುಗನಾಗಿದ್ದಾಗಿನಿಂದ ಅದೇ ಯುದ್ಧದ ಗೀಳು. ಅವರ ತಾತನ ಅಣ್ಣನೊಬ್ಬ ಈ ಘಟ್ಟದ ಕಡೆಗೆ ಬಂದವನು ಮರಳಲಿಲ್ಲ. ಎಲ್ಲಿ ಬಿದ್ದ ಎಂದು ತಿಳಿಯಲು ಜೀವನವಿಡೀ ಓದಿ, ಕೊನೆಗೆ ಕಯಾನುಮಾ ಎಂಬ ತೀರ್ಮಾನಕ್ಕೆ ಬಂದು, ಇಲ್ಲಿ ಮುರೋಯಿ ಎಂಬ ಬಲ್ಲವರಿದ್ದಾರೆಂದು ಕೇಳಿ ಬಂದಿದ್ದರು. ಬಂದು ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಒಣಮೀನು ಕಚ್ಚಿ ಹಲ್ಲಿನೊಳಗಿನ ಸಿಮೆಂಟು ಕಿತ್ತುಕೊಂಡಿದ್ದರು.

"ಚರಿತ್ರೆ ಆಮೇಲೆ. ಮೊದ್ಲು ಕೂತ್ಕೊಳ್ಳಿ, ಹಲ್ಲು ನೋಡೋಣ" ಎಂದರು ಇವರು. ಇವರ ಮುಖ ಅರಳಿತ್ತು. ಇಂಥ ಗೆಳೆಯ ಸಿಗಲೆಂದು ಎಷ್ಟು ವರ್ಷದಿಂದ ಕಾದಿದ್ದರೋ.

ನಾನು ದೀಪ ಹಿಡಿದೆ. ಕುನಿಶಿಗೆಯವರು ಬಾಯಿ ತೆರೆದರು. ಇವರು ಕನ್ನಡಿಯನ್ನು ದವಡೆಯ ಕಡೆಗೆ ಒಯ್ಯುತ್ತಿದ್ದವರು ದಾರಿಯಲ್ಲೇ ನಿಲ್ಲಿಸಿದರು. ಮುಂಬಲ್ಲುಗಳ ಹಿಂದೆ, ಅಕ್ಕಿಕಾಳಿನಷ್ಟು.

ತೆರೆದ ಬಾಯಿಯ ಮೇಲಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನನ್ನ ನಾಲಗೆ ನನ್ನ ಹಲ್ಲಿಗೆ ಹೋಯಿತು.

"ಈ ಹಿಂದಿನ ಪುಟ್ಟ ಹಲ್ಲು" ಎಂದರು ಇವರು, ಕನ್ನಡಿ ತೆಗೆದ ಮೇಲೆ. "ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಇದ್ಯಾ?"

"ನಮ್ಮ ತಂದೆಗಿತ್ತು. ತಾತನಿಗೂ ಇತ್ತು ಅಂತಾರೆ. ಯಾಕೆ ಡಾಕ್ಟರೇ, ಕೀಳ್ಬೇಕಾ?"

"ಬೇಡ. ಇರ್ಲಿ" ಎಂದರು.

ಅವರನ್ನು ನಮ್ಮಲ್ಲೇ ಉಳಿಸಿಕೊಂಡೆವು. ಕುನಿಶಿಗೆಯವರು ಸ್ನಾನಕ್ಕೆ ಹೋದಾಗ ನಾನು ಅಡುಗೆಮನೆಯ ಬಾಗಿಲು ಹಾಕಿದೆ.

"ನಾಡಿದ್ದು ಓದಿಬಿಡಿ. ಆಮೇಲೆ ಹೇಳಿದ್ರಾಯ್ತು."

"ಎದುರು ಸಾಕ್ಷಿ ಬರದಿದ್ರೆ ಅಂದಿದ್ದೆ. ಬಂತು. ಬಾಗಿಲು ತಟ್ಟಿಕೊಂಡೇ ಬಂತು."

"ನೆಂಟರು ಬರ್ತಿದಾರೆ. ಅಪ್ಪ ಕಿಮೋನೊ ಒಣಗಿಸಿದಾರೆ."

"ಗೊತ್ತು ತೋಮಿ."

"ಏನ್ ಗೊತ್ತು ನಿಮಗೆ? ಎಂಬತ್ತೈದು ವರ್ಷ. ಒಂದು ಸಲ, ಒಂದು ಹೆಸರು. ಸತ್ತೋರಿಗೆ ತೋರಿಸೋ ನಿಯತ್ತಲ್ಲಿ ಕಾಲುಪಾಲು ಬದುಕಿರೋರಿಗೆ ತೋರಿಸಬಾರದಾ?"

ಅವರು ಇನ್ನೊಂದು ಸಲ 'ಗೊತ್ತು' ಎಂದಿದ್ದರೆ ಕೈಯಲ್ಲಿದ್ದ ಸೌಟು ಎಸೆದುಬಿಡುತ್ತಿದ್ದೆನೋ ಏನೋ. ಅವರು ಒಲೆಯ ಮುಂದೆ ಕೂತು ಕೈಯಿಂದ ಮುಖ ಒರೆಸಿಕೊಂಡರು. ಅವರಿಗೂ ಓದಬೇಕೆಂಬ ಆಸೆ ಇತ್ತು ಎನ್ನುವುದು ನನಗೆ ಆಗ ಮೊದಲ ಸಲ ತಿಳಿಯಿತು. ಮೂವತ್ತು ವರ್ಷ ಹುಡುಕಿದ್ದು ಯುದ್ಧವನ್ನಲ್ಲ, ನನ್ನ ಅಪ್ಪನಿಗೆ ಕೊಡಲು ಏನಾದರೂ ಸಿಗುತ್ತದೆಯೇ ಎಂದು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಬೆಳಿಗ್ಗೆ ಅಪ್ಪ ಕಲ್ಲು ತೊಳೆಯುವ ಹೊತ್ತಿಗೆ ಮೂವರೂ ದೇಗುಲಕ್ಕೆ ಹೋದೆವು. ಅಪ್ಪ ಬಕೆಟ್ಟಿನ ಮುಂದೆ ಕೂತಿದ್ದರು, ತಲೆಯ ಮೇಲೆ ಟೋಪಿ. ಇವರು ಕುನಿಶಿಗೆಯವರ ಪರಿಚಯ ಹೇಳಿದರು. ಹಗಿ ಎಂಬ ಹೆಸರು ಕೇಳಿ ಅಪ್ಪ ಬ್ರಷ್ಷು ಕೆಳಗಿಟ್ಟರು.

"ನಮ್ಮ ಮೀನು ಹಲ್ಲು ಮುರೀತಂತೆ?"

"ಹೌದು ಅಜ್ಜಾವ್ರೇ. ಒಳಗಿದ್ದ ಸಿಮೆಂಟೇ ಕಿತ್ತುಬಂತು."

"ಒಳ್ಳೆ ಮೀನು" ಎಂದರು ಅಪ್ಪ.

ಇವರು ಮಂಡಿಯೂರಿ ಕೂತರು. ಅಂಗಳದಲ್ಲಿ ಹೇಳಿದ ಹಾಗೆಯೇ ಸುತ್ತಿ ಬಳಸದೆ ಹೇಳಿದರು. ಕುನಿಶಿಗೆಯವರಿಗೂ ಆ ಹಲ್ಲಿದೆ, ಅವರ ತಾತನಿಗೂ ಇತ್ತು, ತಾತನ ಅಣ್ಣ ಇಲ್ಲಿ ಸತ್ತ. ಇನ್ನು ಏಳು ಪಾಲಿಲ್ಲ. ಅರ್ಧಕ್ಕರ್ಧ. ಬಹುಶಃ ಅರ್ಧವೂ ಇಲ್ಲ. ಈ ಮಾತು ಕುನಿಶಿಗೆಯವರಿಗೂ ಹೊಸದು. ಅವರು ಕಲ್ಲನ್ನೊಮ್ಮೆ ಅಪ್ಪನನ್ನೊಮ್ಮೆ ನೋಡುತ್ತಿದ್ದರು.

ಅಪ್ಪ ಎದ್ದು ನಿಂತರು. ಬೀಳುತ್ತಾರೇನೋ ಎಂದು ನಾನು ಮುಂದೆ ಬಂದೆ. ಕೈಸನ್ನೆಯಿಂದ ತಡೆದರು.

"ಬಾಯಿ ತೆಗೀರಿ" ಎಂದರು ಹಗಿಯವರಿಗೆ.

ಅವರು ತೆರೆದರು. ಅಪ್ಪ ಅವರ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ, ತುದಿಗಾಲಲ್ಲಿ ನಿಂತು ಒಳಗೆ ಇಣುಕಿದರು. ಆಮೇಲೆ ಕೈಬಿಟ್ಟು ತಮ್ಮ ಬಾಯಿ ತೆರೆದು ತೋರಿಸಿದರು. ಹಗಿಯವರು ಸೊಂಟ ಬಗ್ಗಿಸಿ ನೋಡಿದರು. ಮೆಟ್ಟಿಲು ಗುಡಿಸುತ್ತಿದ್ದ ಗುರುಗಳು ಪೊರಕೆ ನಿಲ್ಲಿಸಿದರು. ಗೋರಿಗಳ ನಡುವೆ ಇಬ್ಬರು ಮುದುಕರು ಹಲ್ಲು ನೋಡಿಕೊಳ್ಳುವುದನ್ನು ಅವರೂ ಕಂಡಿರಲಿಕ್ಕಿಲ್ಲ.

"ಒಂದೇ ಥರ ಇದೆ" ಎಂದರು ಅಪ್ಪ.

"ಒಂದೇ ಥರ ಇದೆ" ಎಂದರು ಹಗಿಯವರು.

"ನಿಮ್ಮನೇಲಿ ಏನಂತಿದ್ರು ಅವನ ಬಗ್ಗೆ? ಓಡಿಹೋದ ಅಂತಿದ್ರಾ?"

"ಇಲ್ಲ ಅಜ್ಜಾವ್ರೇ. ಸುದ್ದಿನೇ ಬರ್ಲಿಲ್ಲ. ಸತ್ತಿದಾನೋ ಇಲ್ವೋ ಅಂತ ಗೊತ್ತಿಲ್ದೆ, ಅವನ ತಾಯಿ ಬದುಕಿರೋ ತನಕ ಬಾಗಿಲಿಗೆ ಅಗುಳಿ ಹಾಕೋಕೆ ಬಿಡ್ತಿರ್ಲಿಲ್ವಂತೆ. ಬಂದ್ರೆ ತಟ್ಟೋ ಹಾಗಾಗಬಾರದು ಅಂತ."

ಅಪ್ಪ ಆ ಕಲ್ಲನ್ನು ನೋಡುತ್ತ ನಿಂತರು.

"ನಮ್ಮನೇಲಿ ಯಾರೂ ಕಾಯ್ಲಿಲ್ಲ" ಎಂದರು. "ಭದ್ರವಾಗಿ ಅಗುಳಿ ಹಾಕ್ಕೊಂಡು ಮಲಗಿದ್ವಿ."

ನನಗೆ ಅಳು ಬಂತು. ಅಪ್ಪ ಅಳಲಿಲ್ಲ. ಅಳಿಯನ ಕಡೆಗೆ ತಿರುಗಿದರು.

"ನಾಳೆ ಓದೋದಿಲ್ಲ ಅಲ್ವಾ?"

"ಓದಕ್ಕಾಗಲ್ಲ ಮಾವ."

"ಗೊತ್ತು. ನೀವು ಓದಿದ್ರೆ ಆಮೇಲೆ ನಾನು ನಿಮ್ಮನ್ನ ನಂಬ್ತಿರ್ಲಿಲ್ಲ." ಆಮೇಲೆ, "ನೆಂಟರು ಬರ್ಲಿ. ಊಟ ಮಾಡ್ಕೊಂಡು ಹೋಗ್ಲಿ" ಎಂದರು.

ಬಕೆಟ್ಟಿನಲ್ಲಿ ಇನ್ನೂ ನೀರಿತ್ತು. ಅಪ್ಪ ಮರದ ಸೌಟು ತುಂಬಿಕೊಂಡು ಕಲ್ಲಿನ ಎದುರಿಗೆ ಹೋದವರು ನಿಂತರು. ಸೌಟನ್ನು ಎಡಗೈಗೆ ಬದಲಾಯಿಸಿಕೊಂಡರು. ಬಲಗೈಯಿಂದ ಟೋಪಿ ತೆಗೆದರು.

"ಅಪ್ಪಾ" ಎಂದೆ. "ಮೂರು ಪಾಲು ಐದಾಯ್ತಲ್ಲ. ಈಗ ತೆಗೀತೀರಾ?"

"ಇಷ್ಟು ದಿನ ತೊಳೆದಿದೀನಿ ಕಣೆ. ಇನ್ನು ಇವನು ಯಾರಾದ್ರೂ ನಮ್ಮನೆಯವನೇ."

ಒಂದು ಕೈಯಲ್ಲಿ ಟೋಪಿ, ಒಂದು ಕೈಯಲ್ಲಿ ಸೌಟು. ಕೈಮುಗಿಯಲು ಕೈ ಉಳಿದಿರಲಿಲ್ಲ. ಟೋಪಿ ಎಲ್ಲಿಡಬೇಕೆಂದು ಅತ್ತಿತ್ತ ನೋಡಿದರು. ನೆಲ ಒದ್ದೆಯಿತ್ತು. ನಾನು ಕೈ ಚಾಚಿದೆ. ಅಪ್ಪ ನನ್ನನ್ನು ದಾಟಿ ಹೋಗಿ ಅದನ್ನು ಹಗಿಯವರ ಕೈಗೆ ಕೊಟ್ಟು, "ಹಿಡ್ಕೊಳ್ಳಿ, ಈಗ ಬಂದೆ" ಎಂದರು. ಅಪ್ಪ ನೀರು ಹಾಕಿ ಕೈಮುಗಿದು ಏಳುವ ತನಕ ಅವರು ಆ ಹಳೇ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.